ಪಟ್ಟಿಯಲ್ಲಿಲ್ಲದ ಮನೆ

೨೩ ಜೂನ್ ೨೦೦೩, ಸೋಮವಾರ

ಮತ್ತೆ ಅದೇ. ಬೆಲ್ ಒತ್ತು, ನಗು, ಐಡಿ ಕಾರ್ಡ್ ತೋರಿಸು, "ಸೇಲ್ಸ್ ಅಲ್ಲ ಸರ್, ಸರ್ವೆ" ಅನ್ನು. ಶಂಕರಪುರದಲ್ಲಿ ಇವತ್ತು ಅರ್ಧ ಬೀದಿ ಮುಗಿಯಬೇಕಿತ್ತು. ಆಗಿದ್ದು ಒಂದೇ ಮನೆ. ಬಟ್ಟೆ ವ್ಯಾಪಾರದ ಮಲ್ಲಿಕಾರ್ಜುನಯ್ಯನವರದು. ಮಗಳು ಶಿವರಂಜಿನಿ, ಸೆಕೆಂಡ್ ಪಿಯು. ಪ್ರಶ್ನೆ ಕೇಳುವಾಗ ಮಕ್ಕಳು ಒಂಟಿಯಾಗಿರಬೇಕು ಅಂತ ರೂಲ್. ಅಪ್ಪ ಕಾಫಿ ಲೋಟ ಹಿಡಿದು ಮಗಳ ಪಕ್ಕದಲ್ಲೇ ಕೂತರು.

"ಕಳೆದ ಎರಡು ವಾರಗಳಲ್ಲಿ ನೀವು ಅಂಚಿನಲ್ಲಿದ್ದಂತೆ ಅನಿಸಿದೆಯೇ?" ಅಂತ ಓದಿದೆ.

"ಯಾವ ಅಂಚು? ಸೀರೆ ಅಂಚಾ?" ಅಂದರು ಅಪ್ಪ.

ನನಗೂ ಗೊತ್ತಿಲ್ಲ. ಈ ಪ್ರಶ್ನಾವಳಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಮಹಾನುಭಾವ ಯಾರು ಅಂತ ಪ್ರಾಜೆಕ್ಟ್ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. "ಒಳಗೊಳಗೇ ಚಡಪಡಿಕೆ ಆಗ್ತಿತ್ತಾ ಅಂತ" ಎಂದು ಬಿಡಿಸಿ ಹೇಳಿದೆ. ಹಾಗೆ ಹೇಳುವಂತಿಲ್ಲ. ಇದ್ದದ್ದು ಇದ್ದ ಹಾಗೇ ಓದಬೇಕು. ಅದೂ ರೂಲ್.

"ಅವಳಿಗೆ ಅಂಥದ್ದೇನಿಲ್ಲ. ಇಲ್ಲ ಅಂತ ಹಾಕ್ಕೊಳ್ಳಿ."

ಮುಂದಿನದಕ್ಕೂ ಇಲ್ಲ. ಅದರ ಮುಂದಿನದಕ್ಕೂ ಇಲ್ಲ. ನಿದ್ದೆ ಚೆನ್ನಾಗಿ ಬರುತ್ತದೆ, ಅಳು ಬರುವುದಿಲ್ಲ, ಎಲ್ಲವೂ ಅಪ್ಪನಿಗೆ ಗೊತ್ತು. ಹುಡುಗಿ ಉಗುರು ಕಚ್ಚುತ್ತಾ ಕೂತಿದ್ದಳು. ಕೊನೆಗೆ ಅವರ ಸರದಿ. "ಮಹಾನಂದ ಅಂತೀರಿ, ನಮ್ಮವರೇ ಇರಬೇಕು. ಚಾಮರಾಜಪೇಟೆಲಿ ಯಾರ ಪೈಕಿ? ಮದುವೆ ಆಗಿದೆಯಾ?" ನನ್ನ ಪ್ರಶ್ನಾವಳಿಗಿಂತ ಅವರದೇ ವಾಸಿ. ಕನಿಷ್ಠ ಅರ್ಥವಾಗುತ್ತದೆ.

ಈ ಬೀದಿಯ ಪ್ರಕಾರ ಬೆಂಗಳೂರಿನ ಮಕ್ಕಳ ಮನಸ್ಸು ಪರಮ ಆರೋಗ್ಯವಾಗಿದೆ. ವರದಿ ಬರೆದು ಮನೆಗೆ ಹೋಗಬಹುದು.

೨೫ ಜೂನ್, ಬುಧವಾರ

ಅದೇ ಬೀದಿ. ಮಲ್ಲಿಕಾರ್ಜುನಯ್ಯನವರ ಪಕ್ಕದ ಮನೆಯ ಗೇಟಿನಲ್ಲಿ ಒಬ್ಬ ಅಜ್ಜಿ. ಎಲೆ ಅಡಿಕೆ ಬಾಯಿ. ಹೋಗುವಾಗಲೂ ನೋಡಿದರು, ಬರುವಾಗಲೂ ನೋಡಿದರು. ಮೂರನೇ ಸಲ ತಡೆದೇಬಿಟ್ಟರು.

"ಎಲ್ಲಾರ ಮನೆ ಮಕ್ಕಳನ್ನೂ ಮಾತಾಡಿಸ್ತಿದೀಯ. ನಮ್ಮನೆಗೆ ಯಾಕಮ್ಮಣ್ಣಿ ಬರಲ್ಲ?"

ನಿಮ್ಮ ಮನೆ ಪಟ್ಟಿಯಲ್ಲಿಲ್ಲ ಅಂದೆ. ಯಾಕಿಲ್ಲ ಅಂದರು. ಸ್ಯಾಂಪಲ್ ಅಂದರೆ ಏನು ಅಂತ ಬಿಸಿಲಲ್ಲಿ ನಿಂತು ವಿವರಿಸಿದೆ. "ಚೀಟಿ ಎತ್ತೋ ಥರ ಅಜ್ಜಿ. ನಿಮ್ಮ ಮನೆ ಚೀಟಿ ಬರಲಿಲ್ಲ."

"ಹಂಗಾರೆ ಇನ್ನೊಂದು ಸಲ ಎತ್ತು."

ಎಂ.ಎ. ಸೈಕಾಲಜಿಯಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿಲ್ಲ. ಕೆಲಸವಿದೆ ಅಂತ ಜಾರಿಕೊಂಡೆ.

೨೭ ಜೂನ್, ಶುಕ್ರವಾರ

ಅಜ್ಜಿ ಬಿಡುತ್ತಿಲ್ಲ. ಹೆಸರು ಸುಬ್ಬಲಕ್ಷ್ಮಮ್ಮ. ಇವತ್ತು ಬೀದಿ ಕೊನೆಯವರೆಗೂ ಹಿಂದೆಯೇ ಬಂದರು. ಒಂದು ಮನೆಯವರು ಇಬ್ಬರನ್ನೂ ಚಂದಾ ಕೇಳಲು ಬಂದವರು ಅಂದುಕೊಂಡು ಬಾಗಿಲು ಹಾಕಿದರು. ಸಿಟ್ಟು ನೆತ್ತಿಗೇರಿತು. "ನಾನು ಡಾಕ್ಟರ್ ಅಲ್ಲ ಅಜ್ಜಿ. ಬರೀ ಪ್ರಶ್ನೆ ಕೇಳೋಳು" ಅಂದೆ, ಸ್ವಲ್ಪ ಜೋರಾಗಿಯೇ.

"ಪ್ರಶ್ನೆ ಕೇಳೋರೇ ಇಲ್ಲ ನಮ್ಮುಡುಗಿಗೆ" ಅಂದರು.

ಅಲ್ಲೇ ಒಂದು ಜಗಲಿ ಮೇಲೆ ಕೂರಬೇಕಾಯಿತು. ಮೊಮ್ಮಗಳು ರಮ್ಯಾ, ಹತ್ತೊಂಬತ್ತು. ತಾಯಿ ಇಲ್ಲ, ಸಣ್ಣವಳಿದ್ದಾಗಲೇ ತೀರಿಕೊಂಡಳು. ಅಪ್ಪ ಮುನಿಕೃಷ್ಣ, ಗಾಂಧಿ ಬಜಾರಿನಲ್ಲಿ ತರಕಾರಿ ಅಂಗಡಿ. ಬಿ.ಕಾಂ. ಓದುತ್ತಿದ್ದವಳು ಹೋದ ವರ್ಷ ಕಾಲೇಜು ಬಿಟ್ಟಳು, ಎಲ್ಲರೂ ನನ್ನ ಬಗ್ಗೆಯೇ ಮಾತಾಡುತ್ತಾರೆ ಅಂತ. ಈಗ ಗೋಡೆ ಆಚೆಯಿಂದ ಯಾರೋ ಬೈಯುತ್ತಾರಂತೆ. ಕಿವಿಗೆ ಹತ್ತಿ ಇಟ್ಟುಕೊಂಡು ಕೂರುತ್ತಾಳೆ. ತಾಯತ ಕಟ್ಟಿಸಿದ್ದಾಯಿತು, ತೀರ್ಥ ಹಾಕಿಸಿದ್ದಾಯಿತು. ಯುಗಾದಿ ಆದ ಮೇಲೆ ಒಂದು ದಿನ ಹೇಳದೆ ಕೇಳದೆ ಹೋಗಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಳೆ. ಉಪ್ಪಾರಪೇಟೆ ಪೊಲೀಸರೇ ಮನೆಗೆ ಫೋನ್ ಮಾಡಿ ಕರೆಸಿ ಒಪ್ಪಿಸಿದರು.

ಈಗ ನಿಶ್ಚಿತಾರ್ಥವಾಗಿದೆ. ಆಷಾಢ ಕಳೆಯಲಿ ಅಂತ ಕಾಯುತ್ತಿದ್ದಾರೆ, ಶ್ರಾವಣದಲ್ಲಿ ಮದುವೆ. ಹುಡುಗನ ಕಡೆಯವರಿಗೆ ಏನೂ ಹೇಳಿಲ್ಲ.

"ನನ್ನ ತಂಗಿ ಗೋದಾನೂ ಹಿಂಗೇ ಇದ್ಲು. ಮದ್ವೆ ಮಾಡಿದ್ರೆ ಸರಿಹೋಯ್ತದೆ ಅಂದ್ರು. ವರ್ಷ ತುಂಬಕ್ಕೆ ಮುಂಚೆ ಗಂಡನ ಕಡೆಯೋರು ಬಾಗಿಲಲ್ಲಿ ಬಿಟ್ಟೋದ್ರು, ಒಳಕ್ಕೂ ಬರಲಿಲ್ಲ ಅವರು. ಆಮೇಲೆ ಅವಳು ಬಾಳ ದಿನ ಇರಲಿಲ್ಲ."

ಹೊಸೂರು ರಸ್ತೆಯ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದೆ. ಮಗ ಬಿಡುವುದಿಲ್ಲ ಅಂದರು. ಸರಿ, ನಾನೇನು ಮಾಡಲಿ. ನಿಜವಾಗಿಯೂ, ನಾನೇನು ಮಾಡಲಿ?

೧ ಜುಲೈ, ಮಂಗಳವಾರ

ಡಾ. ಪ್ರಭುದೇವ ಸರ್ ಹತ್ತಿರ ಹೇಳಿದೆ. ಪ್ರಾಜೆಕ್ಟ್ ಅವರದು. ಬಸವನಗುಡಿಯ ಆ ಮಹಡಿ ಕೋಣೆ, ಎರಡು ಕಂಪ್ಯೂಟರ್, ನಾನು, ಎಲ್ಲ ಅವರದೇ. ಪೂರ್ತಿ ಕೇಳಿದರು. ಆಮೇಲೆ: "ಆ ಮನೆ ಸ್ಯಾಂಪಲ್‌ನಲ್ಲಿ ಇದೆಯಾ?"

ಇಲ್ಲ.

"ಹಾಗಾದ್ರೆ ಆಸ್ಪತ್ರೆ ಅಡ್ರೆಸ್ ಕೊಡಿ. ಅಲ್ಲಿಗೆ ಮುಗೀತು. ಇಂಟರ್ವೆನ್ಷನ್ ನಮ್ಮ ಕೆಲಸ ಅಲ್ಲ."

"ಸರ್, ಈ ವಯಸ್ಸಲ್ಲಿ ಟ್ರೀಟ್‌ಮೆಂಟ್ ತಡ ಆದಷ್ಟೂ ಕಷ್ಟ ಅಂತ ಹೋದ ವಾರ ನೀವೇ ಪೇಪರ್ ಓದಿಸಿದ್ರಿ."

"ಹೌದು. ಈಗ್ಲೂ ಅದೇ ಹೇಳ್ತೀನಿ. ಆದ್ರೆ ನೀವು ಸಿಕ್ಕಿದವರನ್ನೆಲ್ಲಾ ಹೊತ್ಕೊಂಡು ಹೋದ್ರೆ ಸರ್ವೆ ಮುಗಿಯಲ್ಲ. ನಂಬರ್ ಇಲ್ದೆ ಹೋದ್ರೆ ಸರ್ಕಾರ ಒಂದು ಕ್ಲಿನಿಕ್ಕೂ ಕೊಡಲ್ಲ. ಒಂದು ಹುಡುಗಿ ಮುಖ್ಯನಾ, ಸಾವಿರ ಜನ ಮುಖ್ಯನಾ?"

ತಪ್ಪು ಮಾತು ಅನ್ನುವ ಹಾಗೂ ಇಲ್ಲ. ಅದಕ್ಕೇ ಇನ್ನೂ ಸಿಟ್ಟು. ಆ ಸಾವಿರ ಜನರಲ್ಲಿ ಯಾರೂ ನನ್ನ ಹಿಂದೆ ಬೀದಿ ಕೊನೆಯವರೆಗೆ ಬಂದಿಲ್ಲ.

೩ ಜುಲೈ, ಗುರುವಾರ — ಸಂಜೆ

ಹೋದೆ. ಡ್ಯೂಟಿ ಮುಗಿದ ಮೇಲೆ, ಐಡಿ ಕಾರ್ಡ್ ಬ್ಯಾಗಿನಲ್ಲಿಟ್ಟು. ಇದರಿಂದ ಏನೂ ವ್ಯತ್ಯಾಸವಿಲ್ಲ ಅಂತ ಗೊತ್ತು.

ರೇಡಿಯೋ ಕಿವಿ ಕಿತ್ತುಹೋಗುವ ಹಾಗೆ ಹಾಡುತ್ತಿತ್ತು. ಹಿತ್ತಲ ಬಾಗಿಲಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು ರಮ್ಯಾ. ತೆಳ್ಳಗೆ, ಉದ್ದ ಜಡೆ. ನನ್ನ ನೋಡಿ ರೇಡಿಯೋ ಸ್ವಲ್ಪ ಇಳಿಸಿದಳು.

"ಅಜ್ಜಿ ಕಳಿಸಿದ್ರಾ? ತಾಯತದೋರು ಮುಗಿದ್ರು. ಈಗ ಸರ್ವೆಯೋರು."

ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ಆಮೇಲೆ ತಟ್ಟನೆ ಗೋಡೆ ಕಡೆ ನೋಡಿದಳು.

"ಏನಂದ್ರು?" ಅಂತ ಕೇಳಿದೆ.

ನನ್ನ ಕಡೆ ತಿರುಗಿದಳು. ಆ ಪ್ರಶ್ನೆ ಯಾರೂ ಕೇಳಿರಲಿಲ್ಲವಂತೆ. ಕೇಳಿಸುತ್ತಾ ಅಂತ ಕೇಳಿದ್ದಾರೆ, ಸುಮ್ಮನಿರು ಅಂದಿದ್ದಾರೆ. ಏನು ಹೇಳುತ್ತಾರೆ ಅಂತ ಮಾತ್ರ ಯಾರಿಗೂ ಬೇಕಾಗಿಲ್ಲ.

"ಇಬ್ಬರು ಹೆಂಗಸ್ರು ಅಕ್ಕಾ. ನಾನೇನ್ ಮಾಡಿದ್ರೂ ಹೇಳ್ತಿರ್ತಾರೆ. ತಲೆ ಬಾಚ್ತಿದಾಳೆ ನೋಡು, ಯಾರಿಗೆ ತೋರ್ಸೋಕೆ ಅಂತ. ಈಗ, ಇವಳ ಮುಂದೆ ಕೂತು ನಗ್ತಿದಾಳೆ ಅಂದ್ರು. ಪಕ್ಕದ ಮನೆ ಆಂಟಿ ಅಂದ್ಕೊಂಡು ಒಂದ್ಸಲ ಹೋಗಿ ಜಗಳಾನೂ ಆಡಿದೀನಿ. ಪಾಪ, ಅವರು ಊರಲ್ಲೇ ಇರಲಿಲ್ಲ."

"ಅವರು ನಿಜವಾಗ್ಲೂ ಇದಾರೆ ಅನ್ಸುತ್ತಾ?"

"ಅರ್ಧ ದಿನ ಇಲ್ಲ ಅಂತ ಗೊತ್ತಿರುತ್ತೆ. ಇನ್ನರ್ಧ ದಿನ ಗೊತ್ತಿರಲ್ಲ. ಈಚೆಗೆ ಬರೀ ಬೈಯಲ್ಲ. ಹೇಳ್ಕೊಡೋಕೆ ಶುರು ಮಾಡಿದಾರೆ. ಅನ್ನ ತಿನ್ನಬೇಡ, ಮನೇಲಿ ಇರಬೇಡ ಅಂತ."

ಮದುವೆ ವಿಷಯ ಕೇಳಿದೆ. ಹುರುಳಿಕಾಯಿ ಮುರಿಯುತ್ತಲೇ ಹೇಳಿದಳು, "ಹೊಸ ಮನೇಲಿ ಗೋಡೆ ಜಾಸ್ತಿ ಇರುತ್ತೆ."

ಮನೆಗೆ ಬಂದೆ. ಅಮ್ಮ ಊಟಕ್ಕೆ ಕರೆದಳು, ನಾನು ಇದನ್ನು ಬರೆಯಲು ಕೂತೆ.

೫ ಜುಲೈ, ಶನಿವಾರ

ಮುನಿಕೃಷ್ಣ ಅವರ ಅಂಗಡಿಗೆ ಹೋದೆ. ಬೀನ್ಸ್ ತೂಗುತ್ತಿದ್ದರು. ರಮ್ಯಾ ಹೆಸರು ಹೇಳಿದ ಕೂಡಲೇ ಮುಖ ಬಿಗಿಯಾಯಿತು. ಗಿರಾಕಿಗಳು ಹೋಗುವ ತನಕ ಕಾಯಿಸಿದರು. ಬೇಕೆಂದೇ ಕಾಯಿಸಿದರು ಅನಿಸುತ್ತದೆ.

"ಮೇಡಂ, ಆಸ್ಪತ್ರೆಗೆ ಹೋದ್ಲು ಅಂತ ಒಬ್ಬರ ಕಿವಿಗೆ ಬಿದ್ರೆ ಸಾಕು, ಈ ಬಜಾರೆಲ್ಲಾ ಗೊತ್ತಾಗುತ್ತೆ. ಆಮೇಲೆ ಯಾರು ಮದ್ವೆ ಆಗ್ತಾರೆ?"

"ಮೊದಲು ವಾಸಿ ಆಗಲಿ ಅಲ್ವಾ?"

"ಮದ್ವೆ ಆದ್ರೆ ಮನಸ್ಸು ಬೇರೆ ಕಡೆ ಹೋಗುತ್ತೆ. ತಾಯಿಲ್ದ ಮಗು, ಒಂಟಿಯಾಗಿ ಕೂತು ಕೂತು ಹಿಂಗಾಗಿದೆ. ಅಷ್ಟೇ."

ಒಂದು ಕಟ್ಟು ಕೊತ್ತಂಬರಿ ನನ್ನ ಕೈಗಿಟ್ಟು ಕಳಿಸಿದರು, ಕಾಸು ತೆಗೆದುಕೊಳ್ಳಲಿಲ್ಲ. ಒರಟಾಗಿ ಬೈದಿದ್ದರೆ ಸುಲಭವಾಗುತ್ತಿತ್ತು. ಈ ಒಳ್ಳೆಯತನದ ಜೊತೆ ಜಗಳ ಆಡುವುದು ಹೇಗೆ?

೧೦ ಜುಲೈ, ಗುರುವಾರ

ಇವತ್ತು ಆಗಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ಶಂಕರಪುರದ ಉಳಿದ ಮನೆಗಳನ್ನು ಮುಗಿಸುತ್ತಿದ್ದೆ. ಬೀದಿ ತಿರುವಿನ ಬೇಕರಿ ಹತ್ತಿರ ರಮ್ಯಾ ಎದುರಾದಳು, ಚಪ್ಪಲಿ ಇಲ್ಲದೆ. "ಅಕ್ಕಾ, ಒಂದು ರೂಪಾಯಿ ಕಾಯಿನ್ ಇದೆಯಾ?" ಕಾಲೇಜ್ ಗೆಳತಿಗೆ ಫೋನ್ ಇರಬೇಕು ಅಂದುಕೊಂಡು ಕೊಟ್ಟೆ. ಬೇಕರಿಯ ಕೆಂಪು ಡಬ್ಬಿ ಫೋನಿಗೆ ಹಾಕಿ ನಂಬರ್ ಒತ್ತಿದಳು. ಕಂಠಪಾಠ.

"ಹಲೋ, ಮುನೇಶ್ ಅವ್ರಾ? ನಾನು ರಮ್ಯಾ. ಹೂಂ, ಶಂಕರಪುರದ ರಮ್ಯಾನೇ."

ನಿಶ್ಚಯವಾದ ಹುಡುಗ. ಹೊಸಕೋಟೆಯಲ್ಲಿ ಜೆರಾಕ್ಸ್ ಅಂಗಡಿ ಅಂತ ಅಜ್ಜಿ ಹೇಳಿದ್ದರು. ನಾನು ತಡೆಯಬೇಕಿತ್ತೋ ಏನೋ. ತೋಚಲೇ ಇಲ್ಲ.

"ಹೂಂ, ಆಯ್ತು. ನಿಮ್ದು?... ಒಂದು ವಿಷ್ಯ ಹೇಳೋಕೆ ಮಾಡ್ದೆ. ನಂಗೆ ಯಾರೂ ಇಲ್ದಿದ್ರೂ ಮಾತು ಕೇಳ್ಸುತ್ತೆ. ಒಂದು ವರ್ಷದಿಂದ... ಇಲ್ಲ, ದೆವ್ವ ಅಲ್ಲ. ಕಾಯಿಲೆ ಇರಬೇಕು. ಡಾಕ್ಟ್ರ ಹತ್ರ ಇನ್ನೂ ಹೋಗಿಲ್ಲ... ನಿಮ್ಗೆ ಯಾರೂ ಹೇಳಿರಲ್ಲ. ಅದಕ್ಕೆ ನಾನೇ ಹೇಳ್ದೆ."

ಲೈನ್ ಕಟ್ಟಾಯಿತು. ರಿಸೀವರ್ ಇಟ್ಟು ಅಂಗೈ ಒರೆಸಿಕೊಂಡಳು.

"ಏನಂದ್ರು?"

"ಮೊದಲು, ಊಟ ಆಯ್ತಾ ಅಂದ್ರು. ಆಮೇಲೆ ಏನೂ ಅನ್ನಲಿಲ್ಲ." ತನ್ನ ಬರಿಗಾಲು ನೋಡಿಕೊಂಡಳು. "ಒಳ್ಳೇವ್ರು ಅನ್ಸುತ್ತೆ ಅಕ್ಕಾ. ಅದಕ್ಕೇ ಹೇಳಬೇಕಿತ್ತು."

ಮನೆವರೆಗೆ ಜೊತೆಗೆ ಹೋದೆ. ದಾರಿಯಲ್ಲಿ ಅವಳ ತುಟಿ ಅಲುಗುತ್ತಿತ್ತು. ಗೋಡೆ ಆಚೆಯ ಆ ಹೆಂಗಸರಿಗೆ ಉತ್ತರ ಕೊಡುತ್ತಿದ್ದಳು.

೧೨ ಜುಲೈ, ಶನಿವಾರ

ಗೊತ್ತಿತ್ತು. ಹನ್ನೊಂದು ಗಂಟೆಗೆ ಮುನಿಕೃಷ್ಣ ಆಫೀಸಿನ ಮಹಡಿ ಹತ್ತಿ ಬಂದರು. ಮುನೇಶ್ ಮನೆಯವರು ಸಂಬಂಧ ಬೇಡ ಅಂದಿದ್ದಾರೆ. ಬೇಕರಿಯವನು ನನ್ನನ್ನು ನೋಡಿದ್ದಾನೆ.

"ಇವರೇ ಕಾಸು ಕೊಟ್ಟು ಫೋನ್ ಮಾಡ್ಸಿದ್ರಂತೆ ಸರ್. ನನ್ನ ಮಗಳ ಬಾಳು ಹಾಳು ಮಾಡೋಕೆ ಇವ್ರಿಗೆ ಸಂಬಳ ಕೊಡ್ತೀರಾ?"

ಏನು ಮಾಡಲಿ, ಕಾಸು ಕೊಟ್ಟದ್ದು ನಿಜ. ಸರ್ ನನ್ನ ಕಡೆ ನೋಡಿದ ನೋಟ, ಅದನ್ನು ಬರೆಯುವುದು ಬೇಡ. ಆದರೂ ಅವರನ್ನು ಕೂರಿಸಿದರು, ನೀರು ಕೊಟ್ಟರು.

"ನಿಮಗೆ ಬಿಪಿ, ಶುಗರ್ ಏನಾದ್ರೂ ಇದೆಯಾ?"

"ಶುಗರ್ ಇದೆ. ಯಾಕೆ?"

"ಅದಕ್ಕೇನ್ ಮಾಡ್ತೀರಿ?"

"ಮಾತ್ರೆ ನುಂಗ್ತೀನಿ."

"ಮದುವೆ ಮಾಡ್ಕೊಂಡ್ರೆ ಶುಗರ್ ಇಳಿಯುತ್ತೆ ಅಂತ ಯಾರಾದ್ರೂ ಹೇಳಿದ್ರಾ?"

ಮುನಿಕೃಷ್ಣ ಅವರ ಹೆಂಡತಿ ಇಲ್ಲದ್ದನ್ನು ಸರ್‌ಗೆ ನಾನು ಹೇಳಿರಲಿಲ್ಲ. ನಾನು ನೆಲ ನೋಡುತ್ತಾ ನಿಂತೆ. ಮುನಿಕೃಷ್ಣ ನೀರಿನ ಲೋಟ ಪಕ್ಕಕ್ಕೆ ಸರಿಸಿದರು.

"ಹೇಳಿದ್ರು ಸರ್. ಹೆಂಡ್ತಿ ಹೋದಾಗ ಎಲ್ಲಾರೂ ಹೇಳಿದ್ರು, ಇನ್ನೊಂದು ಮದ್ವೆ ಮಾಡ್ಕೋ, ದುಃಖ ಹೋಗುತ್ತೆ ಅಂತ. ನಾನೇ ಒಪ್ಪಲಿಲ್ಲ. ದುಃಖ ಹೋಗೋಕೆ ಬೇರೆ ಹೆಂಗಸನ್ನ ಯಾಕೆ ತರಲಿ ಅಂದೆ."

ಅಂದವರೇ ತಮ್ಮ ಮಾತು ತಾವೇ ಕೇಳಿಸಿಕೊಂಡ ಹಾಗೆ ಮಾತು ನಿಲ್ಲಿಸಿಬಿಟ್ಟರು. ಆಮೇಲೆ ಎದ್ದು ಹೋದರು. ನೀರು ಹಾಗೇ ಇತ್ತು.

ಸರ್ ನನಗೆ ಹೇಳಿದ್ದು ಇಷ್ಟೇ. "ಸೋಮವಾರದಿಂದ ಫೀಲ್ಡ್ ಬೇಡ. ಡೇಟಾ ಎಂಟ್ರಿ ಮಾಡಿ."

೧೫ ಜುಲೈ, ಮಂಗಳವಾರ

ಇಲ್ಲ, ಇಲ್ಲ, ಇಲ್ಲ. ಇಲ್ಲಕ್ಕೆ ಸೊನ್ನೆ. ಬೆಳಗಿನಿಂದ ಸಂಜೆವರೆಗೆ ಸೊನ್ನೆ ಒತ್ತಿದೆ. ಎರಡು ಸಲ ಕರೆಂಟ್ ಹೋಯಿತು, ಸೇವ್ ಆಗಿರಲಿಲ್ಲ, ಮತ್ತೆ ಸೊನ್ನೆ. ಮಲ್ಲಿಕಾರ್ಜುನಯ್ಯನವರ ಮನೆಯದೂ ಬಂತು. ಮೇಲೆ ಮಾರ್ಜಿನ್‌ನಲ್ಲಿ "ಉತ್ತರ ತಂದೆಯದು" ಅಂತ ಬರೆದೆ. ಸರ್ ನೋಡಿದರು. ತೆಗೆದು ಪಕ್ಕಕ್ಕಿಟ್ಟರು. "ಇಂಥವು ಎಷ್ಟಿವೆ?" ಅಂದರು. ಬಹಳ ಇವೆ ಅಂದೆ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಅವರಿಗೂ ಸಾಕಾಗಿದೆ. ಮೊದಲ ಸಲ ಸ್ವಲ್ಪ ಪಾಪ ಅನಿಸಿತು.

೧೯ ಜುಲೈ, ಶನಿವಾರ

ಕೊತ್ತಂಬರಿ ತರಲು ಗಾಂಧಿ ಬಜಾರಿಗೆ ಹೋದ ಅಮ್ಮ ಸುದ್ದಿ ತಂದಳು. ಯಾರೋ ಮುದುಕಿ ತರಕಾರಿ ಅಂಗಡಿ ಮುಂದೆ ಈರುಳ್ಳಿ ಮೂಟೆ ಮೇಲೆ ಕೂತುಬಿಟ್ಟಿದ್ದಾಳೆ. ಬಂದ ಗಿರಾಕಿಗಳಿಗೆಲ್ಲ, "ನನ್ನ ಮೊಮ್ಮಗಳಿಗೆ ಮನಸ್ಸಿನ ಕಾಯಿಲೆ, ಇವನು ಆಸ್ಪತ್ರೆಗೆ ಕರ್ಕೊಂಡು ಹೋಗಲ್ಲ, ನೀವಾದ್ರೂ ಹೇಳ್ರಪ್ಪ" ಅನ್ನುತ್ತಿದ್ದಾಳೆ.

ಹೋಗಿ ನೋಡಿದೆ. ಸುಬ್ಬಲಕ್ಷ್ಮಮ್ಮನೇ. ನನ್ನನ್ನು ನೋಡಿ ಕೂತಲ್ಲಿಂದಲೇ, "ಅವಳನ್ನ ಕೇಳೇ ಬಂದಿವ್ನಿ ಅಮ್ಮಣ್ಣಿ. ಹುಡುಗನಿಗೇ ಹೇಳಿ ಆಯ್ತು, ಬಜಾರಿಗೆ ಹೇಳೋದೇನು ಕಷ್ಟ, ಹೋಗು ಅಂದ್ಲು."

ಮುನಿಕೃಷ್ಣ ತಕ್ಕಡಿ ಕೆಳಗಿಟ್ಟು ತಲೆ ಮೇಲೆ ಕೈಹೊತ್ತು ಕೂತಿದ್ದರು. ವಿಚಿತ್ರವೆಂದರೆ ಗಿರಾಕಿಗಳು ಯಾರೂ ಓಡಿಹೋಗಿರಲಿಲ್ಲ. ಟೊಮ್ಯಾಟೊ ಆರಿಸುತ್ತಿದ್ದ ಒಬ್ಬರು ತಮ್ಮ ಅಣ್ಣನ ಮಗನ ಕಥೆ ಹೇಳುತ್ತಿದ್ದರು. ಇನ್ನೊಬ್ಬರು ಆಸ್ಪತ್ರೆಯ ಓಪಿಡಿ ಎಷ್ಟು ಗಂಟೆಗೆ ತೆರೆಯುತ್ತದೆ ಅಂತ ಹೇಳುತ್ತಿದ್ದರು.

"ಇನ್ನು ಮುಚ್ಚಿಡೋಕೆ ಏನುಳಿದಿದೆ" ಅಂದರು ಮುನಿಕೃಷ್ಣ, ಯಾರಿಗೂ ಅಲ್ಲದ ಹಾಗೆ. ಆಮೇಲೆ ನನಗೆ: "ಸೋಮವಾರ ಬರ್ತೀರಾ ಮೇಡಂ? ಅಲ್ಲಿ ಹೋಗಿ ಏನ್ ಹೇಳಬೇಕು ಅಂತ ನಂಗೊತ್ತಿಲ್ಲ."

೨೧ ಜುಲೈ, ಸೋಮವಾರ

ರಜೆ ಕೇಳಿದೆ. ಯಾಕೆ ಅಂತ ಸರ್ ಕೇಳಲಿಲ್ಲ. ಸಹಿ ಹಾಕಿದರು.

ಕ್ಯೂ, ಬೆಂಚು, ಮತ್ತೆ ಕ್ಯೂ. ಅರ್ಧ ಕರ್ನಾಟಕ ಅಲ್ಲಿತ್ತು. ರಮ್ಯಾ ದುಪಟ್ಟಾವನ್ನು ಕಿವಿ ಮೇಲೆ ಬಿಗಿಯಾಗಿ ಸುತ್ತಿಕೊಂಡು ಕೂತಿದ್ದಳು. ಒಂದು ಸಲ ಎದ್ದು ಗೇಟಿನ ಕಡೆ ಹೊರಟೇಬಿಟ್ಟಳು. ಅಜ್ಜಿ ಕೈ ಹಿಡಿದರು. "ಹೋಗು ಅಂತಿದಾರೆ ಅಜ್ಜಿ" ಅಂದಳು. "ಅವರು ಹೋಗಲಿ, ನೀನು ಕೂತ್ಕೋ" ಅಂದರು ಅಜ್ಜಿ. ಕೂತಳು.

ಡಾಕ್ಟರ್ ಸಣ್ಣ ವಯಸ್ಸಿನವರು, ನನಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು. ಅಪ್ಪನನ್ನು ಹೊರಗೆ ಕಳಿಸಿದರು. ಅಜ್ಜಿ ಇರಲಿ ಅಂದಳು ರಮ್ಯಾ. ಬಾಗಿಲು ಮುಚ್ಚಿತು. ನಾನು, ಮುನಿಕೃಷ್ಣ ಹೊರಗೆ.

"ಅವಳಮ್ಮ ಹೋದಾಗ ಇವಳಿನ್ನೂ ಎಳೇ ಮಗು. ಸೌತೆಕಾಯಿ ರಾಶಿ ಪಕ್ಕ ಗೋಣಿಚೀಲ ಹಾಸಿ ಮಲಗಿಸ್ಕೊಂಡು ವ್ಯಾಪಾರ ಮಾಡ್ತಿದ್ದೆ" ಅಂದರು. "ಅಷ್ಟು ಗಲಾಟೇಲೂ ನಿದ್ದೆ ಮಾಡೋಳು. ಈಗ ನೋಡಿದ್ರೆ ಯಾರೂ ಇಲ್ದೇ ಇದ್ರೂ ಗಲಾಟೆ."

ಕಾಫಿ ತಂದುಕೊಟ್ಟೆ. ಸಕ್ಕರೆ ಹಾಕಿಸಿಬಿಟ್ಟಿದ್ದೆ. ಕುಡಿಯದೆ ಕೈಯಲ್ಲೇ ಹಿಡಿದು ಕೂತರು.

ಡಾಕ್ಟರ್ ಔಷಧ ಬರೆದುಕೊಟ್ಟರು. ಚಿಕ್ಕ ವಯಸ್ಸಿನವರಿಗೆ ಬರುವ ಕಾಯಿಲೆಯೇ, ಬೇಗ ಬಂದಿದ್ದು ಒಳ್ಳೆಯದಾಯಿತು, ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ನಡುವೆ ಬಿಡಬಾರದು ಅಂದರು. ಬೇಗ ಅಂತೆ. ಒಂದು ವರ್ಷ.

೮ ಆಗಸ್ಟ್, ಶುಕ್ರವಾರ — ವರಮಹಾಲಕ್ಷ್ಮಿ

ಸುಬ್ಬಲಕ್ಷ್ಮಮ್ಮ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಹೋದರೆ ಅಲ್ಲಿ ಯುದ್ಧ.

ರಮ್ಯಾ ಊಟ ಮಾಡುತ್ತಿದ್ದಾಳೆ, ರೇಡಿಯೋ ಸಣ್ಣಗಾಗಿದೆ. ಅದಕ್ಕೆ ಮುನಿಕೃಷ್ಣ, "ಸರಿಹೋದ್ಲಲ್ಲ, ಮಾತ್ರೆ ಸಾಕು" ಅನ್ನುತ್ತಿದ್ದಾರೆ. ರಮ್ಯಾಗೂ ಬೇಡ. "ಅಕ್ಕಾ, ಎಮ್ಮೆ ಥರ ನಿದ್ದೆ. ನಾಲಿಗೆ ದಪ್ಪ ಆದಂಗಿದೆ. ಕೈ ನೋಡಿ, ನಡುಗುತ್ತೆ. ಅವರಿಬ್ಬರೇ ವಾಸಿ ಅನ್ಸುತ್ತೆ ಒಂದೊಂದ್ಸಲ."

ತಲೆ ಚಚ್ಚಿಕೊಳ್ಳಬೇಕು ಅನಿಸಿತು. ಅಷ್ಟು ಕಷ್ಟಪಟ್ಟು ಕರೆದುಕೊಂಡು ಹೋಗಿ ಇಲ್ಲಿಗೆ ಬಂದು ನಿಂತಿತಾ? "ಶುಗರ್ ಇಳೀತು ಅಂತ ನಿಮ್ಮ ಮಾತ್ರೆ ಬಿಡ್ತೀರಾ?" ಅಂದೆ. "ಒಂದೊಂದು ವಾರ ಬಿಡ್ತೀನಿ" ಅಂದರು, ಪೂರ್ತಿ ಪ್ರಾಮಾಣಿಕವಾಗಿ. ಅಜ್ಜಿ ಇಬ್ಬರಿಗೂ ಬೈದರು. ಸೋಮವಾರ ಮತ್ತೆ ಡಾಕ್ಟರ್ ಹತ್ತಿರ ಹೋಗಿ ಡೋಸ್ ಬದಲಾಯಿಸಲು ಕೇಳುವುದು ಅಂತ ಒಪ್ಪಂದ. ಅಲ್ಲಿಯವರೆಗೆ ಬಿಡುವುದಿಲ್ಲ ಅಂತ ರಮ್ಯಾ ಅಜ್ಜಿಯ ತಲೆ ಮುಟ್ಟಿ ಹೇಳಿದಳು. ಅಪ್ಪನಿಂದಲೂ ತನ್ನ ಮಾತ್ರೆ ಬಿಡುವುದಿಲ್ಲ ಅಂತ ಹೇಳಿಸಿದಳು.

ಬರುವಾಗ ಗೇಟಿನ ತನಕ ಬಂದಳು. "ಪೂರ್ತಿ ಹೋಗಿಲ್ಲ ಅಕ್ಕಾ. ಪಕ್ಕದ ಬೀದಿಗೆ ಮನೆ ಬದಲಾಯಿಸಿದಾರೆ, ಅಷ್ಟೇ. ಏನಂತಾರೆ ಅಂತ ಸರಿಯಾಗಿ ಕೇಳಲ್ಲ."

೩೦ ಆಗಸ್ಟ್, ಶನಿವಾರ — ಸಂಜೆ ೬

ನಾಳೆ ಗಣೇಶ. ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿಲ್ಲ. ಅಮ್ಮ ಬೇಕಾದ್ದೆಲ್ಲ ಹೇಳಿ ಚೀಲ ಕೊಟ್ಟು ಓಡಿಸಿದಳು. ತುಳಿಸಿಕೊಂಡು, ಬೈಸಿಕೊಂಡು, ಚಪ್ಪಲಿಯ ಉಂಗುಷ್ಠ ಕಿತ್ತುಕೊಂಡು ಮುನಿಕೃಷ್ಣ ಅವರ ಅಂಗಡಿ ಮುಟ್ಟಿದೆ.

ತಕ್ಕಡಿ ಹಿಂದೆ ರಮ್ಯಾ. ಮುಖ ಸ್ವಲ್ಪ ದುಂಡಗಾಗಿದೆ. ಜಡೆ ಎತ್ತಿ ಕಟ್ಟಿದ್ದಾಳೆ. ಬಾಳೆಎಲೆ, ಮಾವಿನ ಸೊಪ್ಪು, ಸೌತೆಕಾಯಿ, ಸುತ್ತ ಎಂಟು ಹತ್ತು ಕೈಗಳು. ಒಬ್ಬರು ಏಲಕ್ಕಿ ಬಾಳೆಹಣ್ಣಿಗೆ ಚೌಕಾಸಿ ಮಾಡುತ್ತಿದ್ದರು.

"ಹಬ್ಬದ ಹಿಂದಿನ ದಿನ ಬಂದು ಹಬ್ಬ ಆದ ಮಾರನೇ ದಿನದ ರೇಟ್ ಕೇಳ್ತೀರಲ್ಲ ಸ್ವಾಮಿ. ಮುಟ್ಟಿ ಮುಟ್ಟಿ ಇಡಬೇಡಿ. ತಗೊಳ್ಳೋದಾದ್ರೆ ತಗೊಳ್ಳಿ."

ಅವರು ಗೊಣಗುತ್ತಾ ತೆಗೆದುಕೊಂಡರು. ಮುನಿಕೃಷ್ಣ ಹಿಂದೆ ಮೂಟೆ ಬಿಚ್ಚುತ್ತಿದ್ದವರು ನನ್ನ ಕಡೆ ನೋಡಿ ತಲೆ ಆಡಿಸಿ, ಮತ್ತೆ ಮೂಟೆ ಬಿಚ್ಚಿದರು.

ಗಿರಾಕಿ ಸ್ವಲ್ಪ ಕಡಿಮೆಯಾದಾಗ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, "ಹೇಗಿದಾರೆ ನಿನ್ನ ಹೆಂಗಸ್ರು?"

"ಇದಾರೆ. ಬೆಳಿಗ್ಗೆ ಏನೋ ಶುರು ಮಾಡಿದ್ರು" ಅಂದಳು, ಬಾಳೆಎಲೆ ಸುತ್ತುತ್ತಾ. "ಇವತ್ತು ಗಿರಾಕಿಗಳೇ ಜೋರು ಅಕ್ಕಾ. ಅವರ ಮಾತು ಯಾರಿಗೆ ಕೇಳುತ್ತೆ."

ಅಷ್ಟರಲ್ಲಿ ಮತ್ತೆ ನಾಲ್ಕು ಜನ ನುಗ್ಗಿದರು. ನನ್ನ ಚೀಲ ತುಂಬಿ, ಒಂದು ಪೈಸೆ ಬಿಡದೆ ಕಾಸು ತೆಗೆದುಕೊಂಡು, "ಸರ್ಕೊಳಿ ಅಕ್ಕಾ, ವ್ಯಾಪಾರದ ಹೊತ್ತು" ಅಂದಳು. ಸರಿದುಕೊಂಡೆ. ಎದುರಿನ ಅಂಗಡಿ ಮೆಟ್ಟಿಲ ಮೇಲೆ ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತಾ ನಿಂತಿದ್ದೆ. ಜನ ತಳ್ಳುತ್ತಿದ್ದರು. ಯಾಕೋ ಸಿಟ್ಟೇ ಬರಲಿಲ್ಲ.

ಅಮ್ಮ ಒಳಗೆ ಚೀಲ ಸುರಿದು ಹುಡುಕುತ್ತಿದ್ದಾಳೆ. ಗರಿಕೆ ಎಲ್ಲಿ ಅಂತ ಕೂಗುತ್ತಿದ್ದಾಳೆ. ಗರಿಕೆ... ತೆಗೆದುಕೊಂಡೇ ಇಲ್ಲ. ಗಣೇಶನಿಗೆ ಗರಿಕೆ ಬಿಟ್ಟು ಮಿಕ್ಕಿದ್ದೆಲ್ಲ ತಂದಿದ್ದೇನೆ. ಮತ್ತೆ ಆ ಜನಸಾಗರಕ್ಕೆ ಹೋಗಬೇಕು, ಬರಿಗಾಲಲ್ಲಿ. ಅಂಗಡಿ ಮುಚ್ಚುವ ಮೊದಲು ಹೋದರೆ ರಮ್ಯಾ ಹತ್ತಿರ ಒಂದು ಕಟ್ಟು ಉಳಿದಿರಬಹುದು. ಬಂದೆ ಅಮ್ಮಾ, ಬಂದೆ.